ಟವೆಲ್ ಪಟ್ಟಿಗೆ ಜೋತುಬಿದ್ದ ಕೇಬಲ್

ಮನುಷ್ಯನ ಸುರಕ್ಷತೆ ಕಣ್ಣಿಗೆ ಕಾಣದ ಆಧಾರಗಳ ಮೇಲೆ ನಿಂತಿದೆ. ಸೋಲಾಪುರದಲ್ಲಿ ಆ ಆಧಾರ ಎಷ್ಟೋ ಸಲ ಟವೆಲಿನ ಪಟ್ಟಿಯಾಗಿರುತ್ತದೆ.

ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ನಾನು ಅಲ್ಲಿನ ಚಿಂಚೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಟವೆಲ್ ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರ್. ಹೊಸ ಆಫೀಸಿನ ವೈರಿಂಗ್ ಗುತ್ತಿಗೆ ಹನ್ನೂರಿನ ಮಲ್ಕಪ್ಪನದು. ಅವನ ತಮ್ಮ ಬಸವರಾಜನೇ ವೈರ್‌ಮನ್. ಕೆಲಸ ನೋಡಲು ಹೋದವನು ಫಾಲ್ಸ್ ಸೀಲಿಂಗಿನ ಒಂದು ಹಲಗೆ ಸರಿಸಿ ಟಾರ್ಚ್ ಬೆಳಕು ಬಿಟ್ಟೆ. ತೋಳು ದಪ್ಪದ ಕೇಬಲ್ ಕಟ್ಟು ಸೀಲಿಂಗನ್ನು ಹಿಡಿದ ತಂತಿಗಳಿಗೇ ಜೋತುಬಿದ್ದಿತ್ತು. ಕಟ್ಟಿದ್ದು ಮಗ್ಗದಲ್ಲಿ ಟವೆಲಿನ ಅಂಚು ಕತ್ತರಿಸಿದಾಗ ಉಳಿಯುವ ಹತ್ತಿಯ ಪಟ್ಟಿಯಿಂದ. ನಮ್ಮೂರಿನವರು ಅದರಿಂದ ಸೈಕಲ್ಲಿಗೆ ಡಬ್ಬಿ, ಗೂಟಕ್ಕೆ ಆಕಳು, ಮುರಿದ ಕುರ್ಚಿಗೆ ಕಾಲು, ಎಲ್ಲವನ್ನೂ ಕಟ್ಟುತ್ತಾರೆ.

"ಮಲ್ಕಪ್ಪಾ, ಸ್ಲ್ಯಾಬಿಗೆ ಕಬ್ಬಿಣದ ಕ್ಲಾಂಪ್ ಹೊಡಿ. ಬೆಂಕಿ ಬಿದ್ರ ಅರಿವಿ ಮೊದಲ ಸುಡ್ತೈತಿ, ಕೇಬಲ್ ನೆತ್ತಿ ಮ್ಯಾಲ ಬೀಳ್ತಾವ."

"ಸಾಹೇಬ್ರ, ಈ ಪಟ್ಟಿಗೆ ಎತ್ತು ಕಟ್ಟೀವ್ರಿ, ಹರದಿಲ್ಲ. ವೈರ್ ಎಲ್ಲಿ ಓಡಿ ಹೋಗ್ತಾವ?"

ನಾನು ಅತ್ಯಂತ ಗಂಭೀರವಾಗಿ ಅವನಿಗೊಂದು ಪತ್ರ ಬರೆದೆ. ಆಫೀಸಿನ ಕರೆಂಟ್ ಲೈನ್ ಮಾತ್ರ ಚಾಲೂ ಇಟ್ಟೆ. ಬೆಂಕಿ ಪತ್ರಕ್ಕೆ ಹೆದರುತ್ತದೆ ಎಂಬ ನಂಬಿಕೆ ಆಗ ನನಗಿತ್ತು.

ಮೂರನೆಯ ದಿನ ಬೆಳಿಗ್ಗೆ ಸೀಲಿಂಗಿನ ಮೇಲೆ ಎಸಿ ವೈರಿನ ಜಾಯಿಂಟ್ ಹೊತ್ತಿಕೊಂಡಿತು. ಒಳಗಿದ್ದ ಬಸವರಾಜ ಬಾಗಿಲಿಗೆ ಓಡುವಷ್ಟರಲ್ಲಿ ಪಟ್ಟಿಗಳು ಒಂದರ ಹಿಂದೊಂದು ಸುಟ್ಟು, ಕೇಬಲ್ ಕಟ್ಟು ಸೀಲಿಂಗನ್ನೂ ಕಿತ್ತುಕೊಂಡು ಅವನ ಮೇಲೆ ಕುಸಿಯಿತು. ಕೊರಳಿಗೊಂದು ಸುತ್ತು, ಕಾಲಿಗೆರಡು. ಹೊಗೆಯಲ್ಲಿ ಒದ್ದಾಡಿದಷ್ಟೂ ಬಿಗಿಯಾಯಿತು.

ಮಲ್ಕಪ್ಪ ಕಟರ್ ಹಿಡಿದು ನುಗ್ಗಿಬಂದ. ಕೇಬಲ್‌ಗಳಲ್ಲಿ ಇನ್ನೂ ಕರೆಂಟ್ ಇತ್ತು. ವಾಚ್‌ಮನ್‌ನನ್ನು ಮೇನ್ ಸ್ವಿಚ್ಚಿಗೆ ಓಡಿಸಿ, ನಾನು ಬಾಗಿಲಲ್ಲಿ ಮಲ್ಕಪ್ಪನ ಸೊಂಟ ತಬ್ಬಿ ಹಿಡಿದೆ.

"ಬಿಡೋ ಮುದುಕಾ! ತಮ್ಮ ಸಾಯಾಕತ್ತಾನ!"

"ಮೇನ್ ಬಂದ್ ಆಗೂತನಾ ಬಿಡಂಗಿಲ್ಲ. ಕಟರ್ ಹಚ್ಚಿದ್ರ ನೀನೂ ಸಾಯ್ತಿ!"

ಕಟರಿನ ಹಿಡಿಯಿಂದ ನನ್ನ ಬಾಯಿಗೆ ಹೊಡೆದ. ಎರಡು ಹಲ್ಲು ನೆಲಕ್ಕೆ ಬಿದ್ದವು. ನನ್ನ ಪತ್ರಕ್ಕೆ ಅವನಿಂದ ಬಂದ ಉತ್ತರ ಅದೊಂದೇ. ಮತ್ತೆ ಹೊಡೆದ, ಪಕ್ಕೆಲುಬು ಲಟ್ಟೆಂದಿತು. ಕೈ ಸಡಿಲಿಸಲಿಲ್ಲ. ಒಳಗೆ ಬಸವರಾಜನ ಕೂಗು ನಿಂತುಹೋಯಿತು.

"ಬಂದ್ ಆತ್ರೀ!" ಎಂದು ವಾಚ್‌ಮನ್ ಚೀರಿದ.

ಇಬ್ಬರೂ ಒಟ್ಟಿಗೇ ಒಳಗೆ ಬಿದ್ದೆವು. ನಾನು ಬಸವರಾಜನ ತಲೆ ಎತ್ತಿ ಹಿಡಿದೆ. ಮಲ್ಕಪ್ಪ ಅಳುತ್ತ, ಬೈಯುತ್ತ, ಮೊದಲು ಕೊರಳಿನ ಕೇಬಲ್ ಕತ್ತರಿಸಿದ. ಆಮೇಲೆ ಕಾಲು ಬಿಡಿಸಿ ಹೊರಗೆ ಎಳೆದೆವು.

ಅಂದಿನಿಂದ ನನ್ನ ಕಾರ್ಯಪದ್ಧತಿ ಬದಲಾಯಿತು: ಮೊದಲು ಲೈನ್ ಬಂದ್, ಆಮೇಲೆ ಪತ್ರ.

ಬಸವರಾಜ ಹನ್ನೊಂದನೆಯ ದಿನ ಆಸ್ಪತ್ರೆಯಿಂದ ನಡೆದುಕೊಂಡು ಹೊರಬಂದ. ಅಂದು ಸುಟ್ಟ ಅವನ ಬಲಗೈ ಈಗಲೂ ಮುಷ್ಟಿ ಕಟ್ಟುವುದಿಲ್ಲ.