ಸೇಬು ಕುದಿಸಿದ ಮನೆಗೆ ಮತ್ತೆ ಸೇಬು

ಗೆಳತಿಯರೇ, ಅತ್ತೆಯ ಜ್ವರ ಹೋಗಿ ವಾರವಾಯಿತು. ಆದರೆ ಅಫಜಲಪುರದಿಂದ ಜೇವರ್ಗಿವರೆಗಿನ ನೆಂಟರು ನೋಡಲು ಬಂದು ಕೊಟ್ಟ ಸೇಬುಗಳು ಫ್ರಿಜ್ ಬಿಟ್ಟು ಹೋಗಿಲ್ಲ. ಅವನ್ನು ಮುಗಿಸಲೆಂದೇ ಇಂದು ಆ್ಯಪಲ್ ಸಾಸ್ ಮಾಡಿದೆ. ಬೆಂದ ಹಣ್ಣು ಕಿವುಚುತ್ತಿದ್ದಾಗ ಪಕ್ಕದ ಮನೆಯ ಕಾಶಮ್ಮ ಇಣುಕಿದರು.

“ಅಕ್ಕಾರ, ನಿಮ್ಮ ಅತ್ತಿಯವ್ರಿಗಿ ಅಗಿಯಾಕೂ ಆಗವಲ್ತೇನ್ರಿ?”

“ಇಲ್ರಿ, ಆರಾಮ ಅದಾರ.”

ನಂಬಲಿಲ್ಲ. ಸಂಜೆ ಓಣಿಯ ಹೆಂಗಸರನ್ನೆಲ್ಲ ಕರೆತಂದರು. ಗಟ್ಟಿ ಕಟಕ ರೊಟ್ಟಿ ಕಡಿಯುತ್ತಿದ್ದ ಅತ್ತೆ ತಟ್ಟೆಯನ್ನು ಮಂಚದ ಕೆಳಗೆ ತಳ್ಳಿ, ಕೌದಿ ಹೊದ್ದು ಮಲಗಿಬಿಟ್ಟರು.

“ಏನ್ರಿ ಇದು?” ಎಂದು ಪಿಸುಗುಟ್ಟಿದೆ.

“ಸುಮ್ನಿರಬೇ. ಪಾಪ, ಇಷ್ಟು ಮಂದಿ ನೋಡಾಕ ಬಂದಾರ!”

ನಿಜ ಹೇಳಬೇಕಿತ್ತೇ? ಅತ್ತೆ ಎಷ್ಟು ಚೆಂದ ನರಳಿದರೆಂದರೆ, ನಾನೇ ಹೋಗಿ ಅವರ ಕೌದಿ ಸರಿಮಾಡಿದೆ. ಈಗ ಮನೆಯಲ್ಲಿ ಒಂದು ಡಬ್ಬಿ ಸಾಸ್, ಎರಡು ಚೀಲ ಹೊಸ ಸೇಬು.

ಸಾಸ್ ಬೇಕಾದವರು ಬನ್ನಿ. ದಯವಿಟ್ಟು ಬರಿಗೈಲಿ ಬನ್ನಿ.