ಸೂತಕದ ವಾರಗಳಲ್ಲಿ ಗೆದ್ದ ತಂಡ

ನನ್ನ ಹೆಂಡತಿ ತೀರಿಕೊಂಡ ಮೇಲೆ ಅವಳ ತಂಡ ಒಂದೂ ತಪ್ಪದೆ ಆರು ವಾರ ಗೆದ್ದಿತು. ನನಗೆ ಅದು ಗೊತ್ತಾದದ್ದು ಅಕ್ಟೋಬರ್ ಕೊನೆಯ ಒಂದು ಗುರುವಾರ ಬೆಳಗ್ಗೆ, ಅಮೆರಿಕದ ಫೋರ್ಟ್ ಮಿಲ್‌ನ ನಮ್ಮ ಅಡುಗೆಮನೆಯಲ್ಲಿ. ಅವಳ ಫೋನನ್ನು ನಾನು ದಿನವೂ ಚಾರ್ಜ್ ಮಾಡಿ ಇಡುತ್ತಿದ್ದೆ. ಸುದ್ದಿ ತಿಳಿಯದವರು ಇನ್ನೂ ಕರೆ ಮಾಡುತ್ತಿದ್ದರು. ಆ ಬೆಳಗ್ಗೆ ಬಂದದ್ದು ಕರೆಯಲ್ಲ. ನಿಮ್ಮ ಮೂವರು ಆಟಗಾರರಿಗೆ ಈ ವಾರ ರಜೆ, ನೋಡಿಕೊಳ್ಳಿ ಎಂಬ ಸೂಚನೆ.

ಇದು ಫುಟ್‌ಬಾಲಿನ ಫ್ಯಾಂಟಸಿ ಆಟ. ಅಮೆರಿಕದವರ ಫುಟ್‌ಬಾಲು, ಕೈಯಲ್ಲಿ ಹಿಡಿದು ಓಡುವುದು. ಮೊದಲಿಗೆ ಸರದಿಯಂತೆ ನಿಜವಾದ ಆಟಗಾರರನ್ನು ಆರಿಸಿ, ಅಂದರೆ ಡ್ರಾಫ್ಟ್ ಮಾಡಿ, ಫೋನಿನಲ್ಲಿ ತಮ್ಮದೊಂದು ತಂಡ ಮಾಡಿಕೊಳ್ಳುತ್ತಾರೆ. ಅವರು ಪಂದ್ಯದಲ್ಲಿ ಓಡಿದಷ್ಟು, ಹಿಡಿದಷ್ಟು ಇವರಿಗೆ ಅಂಕ. ವಾರಕ್ಕೊಮ್ಮೆ ಒಬ್ಬರ ತಂಡ ಇನ್ನೊಬ್ಬರ ತಂಡದ ಎದುರು. ಯಾರು ಆಡಬೇಕು, ಯಾರು ಬೆಂಚಿನಲ್ಲಿ ಕೂರಬೇಕು ಎಂದು ಪ್ರತಿ ವಾರ ಹೇಳಬೇಕು, ಅದು ಲೈನಪ್. ಮರೆತರೆ ಹಿಂದಿನ ವಾರದವರೇ ಉಳಿಯುತ್ತಾರೆ. ನಮ್ಮ ಗುಂಪಿನಲ್ಲಿ ಎಂಟು ಕನ್ನಡದ ಮನೆಗಳಿದ್ದವು. ಉತ್ತರಕ್ಕೆ ಸೆಂಟರ್‌ವಿಲ್ ಕಡೆ ಕೆಲವರು, ದಕ್ಷಿಣಕ್ಕೆ ನಾರ್‌ಕ್ರಾಸ್ ಕಡೆ ಕೆಲವರು, ನಡುವೆ ನಾವು.

ನನಗೆ ಆಟ ಬರುತ್ತಿರಲಿಲ್ಲ. ಬರುತ್ತಿದ್ದದ್ದು ಅವಳಿಗೆ. ಮಂಡ್ಯದಲ್ಲಿ ಹೈಸ್ಕೂಲಿನಿಂದಲೇ ಬ್ಯಾಸ್ಕೆಟ್‌ಬಾಲ್ ಆಡಿದವಳು, ಕ್ರೀಡಾ ಕೋಟಾದಲ್ಲಿ ಎಂಜಿನಿಯರಿಂಗ್ ಸೀಟು ಪಡೆದವಳು. ನಾನು ಡಿಪ್ಲೊಮಾ ಅರ್ಧಕ್ಕೆ ಬಿಟ್ಟವನು. ಅವಳ ಕೆಲಸದ ಹಿಂದೆ ಇಲ್ಲಿಗೆ ಬಂದು, ರಾಜ್ಯದ ಗಡಿಯಾಚೆ ಶಾರ್ಲಟ್‌ನ ಒಂದು ಇಂಡಿಯನ್ ಅಂಗಡಿಯಲ್ಲಿ ತರಕಾರಿ ಜೋಡಿಸುತ್ತೇನೆ. ಅವಳ ಪದಕಗಳ ಡಬ್ಬಿಯಲ್ಲಿ ಒಂದನ್ನು ಅವಳು ಯಾರಿಗೂ ತೋರಿಸುತ್ತಿರಲಿಲ್ಲ. ಎದುರಾಳಿ ತಂಡದವರಿಗೆ ಬಸ್ಸು ತಪ್ಪಿ, ಆಡದೆಯೇ ಸಿಕ್ಕಿದ್ದ ಪದಕ ಅದು.

ಆ ಗುರುವಾರ ಅವಳ ತಂಡವನ್ನು ತೆರೆದು ನೋಡಿದೆ. ಆಡುವವರ ಸಾಲಿನಲ್ಲಿ ಒಬ್ಬನ ಹೆಸರಿನ ಮುಂದೆ ಕೆಂಪು ಗುರುತು. ಕಾಲು ಮುರಿದು ಈ ವರ್ಷಕ್ಕೆ ಅವನ ಆಟ ಮುಗಿದಿತ್ತು. ಪ್ರತಿ ವಾರ ಅವನದು ಸೊನ್ನೆ. ಹಿಂದಿನ ವಾರಗಳಲ್ಲಿ ಮತ್ತಿಬ್ಬರು ತಮ್ಮ ರಜೆಯಲ್ಲೂ ಸಾಲಿನಲ್ಲೇ ಇದ್ದರು. ಆದರೂ ಆರು ಗೆಲುವು. ಎದುರಾಳಿಗಳ ಹಾಳೆಗಳನ್ನು ಒಂದೊಂದಾಗಿ ತೆರೆದೆ. ಆ ಆರೂ ಜನ ತಮ್ಮ ಒಳ್ಳೊಳ್ಳೆಯ ಆಟಗಾರರನ್ನು ಬೆಂಚಿನಲ್ಲಿ ಕೂರಿಸಿದ್ದರು. ಒಬ್ಬನಂತೂ ಚೆಂಡು ಎಸೆಯುವ ಮುಖ್ಯ ಆಟಗಾರ ಕ್ವಾರ್ಟರ್‌ಬ್ಯಾಕನ್ನೇ ಕೂರಿಸಿದ್ದ.

ನಾರ್‌ಕ್ರಾಸ್‌ನ ಹುಡುಗನಿಗೆ ಫೋನ್ ಮಾಡಿದೆ. ಹುಡುಗನೆಂದರೆ ಎರಡು ಮಕ್ಕಳ ತಂದೆ. ಅವಳನ್ನು ಅಕ್ಕ ಎನ್ನುತ್ತಿದ್ದ, ಹಾಗಾಗಿ ನಾನು ಭಾವ.

"ಲೋ, ನಿಮ್ಮಕ್ಕನ ಟೀಮ್ ಹೆಂಗೋ ಗೆಲ್ತಾ ಅದೆ?"

"ಅಕ್ಕ ಡ್ರಾಫ್ಟ್ ಚೆನ್ನಾಗ್ ಮಾಡಿದ್ರು ಭಾವ."

"ಒಬ್ಬ ಕಾಲು ಮುರ್ಕೊಂಡು ಮಲಗವ್ನೆ ಕಣೋ. ನಿನ್ನ ಕ್ವಾರ್ಟರ್‌ಬ್ಯಾಕ್ ಯಾಕೆ ಬೆಂಚಲ್ಲಿದ್ದ?"

"ಅದು... ಮರ್ತೋಯ್ತು."

"ನಿನ್ನ ಮದ್ವೇಲಿ ಮಂಟಪದಲ್ಲಿ ಕೂತ್ಕಂಡು ಲೈನಪ್ ಸೆಟ್ ಮಾಡಿದವನು ನೀನು. ಪುರೋಹಿತ್ರು ಬೈದಿದ್ರು."

"ಹದಿಮೂರು ದಿನಾನೂ ಆಗಿರ್ಲಿಲ್ಲ ಭಾವ. ಸೂತಕದ ಮನೆ ಮೇಲೆ ಗೆದ್ದು ಏನ್ ಮಾಡ್ಲಿ? ನಾನೊಬ್ನೇ ಹಿಂಗೆ ಮಾಡಿದ್ದು ಬಿಡಿ."

ಆರು ಜನರೂ ಹಾಗೆಯೇ, ತಾವೊಬ್ಬರೇ ಎಂದು ಅಂದುಕೊಂಡಿರಬೇಕು. ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ. ಒಬ್ಬ ಬೇಕೆಂದು ಸೋತರೆ ಮರ್ಯಾದೆ. ಆರು ಜನ ಸೋತಿದ್ದರಿಂದ ಅವಳ ತಂಡ ಪಟ್ಟಿಯ ತಲೆಯ ಮೇಲೆ ಕೂತಿತ್ತು. ಹೀಗೇ ಬಿಟ್ಟರೆ ವರ್ಷದ ಕಪ್ ಅವಳ ಹೆಸರಿಗೆ ಬರುತ್ತದೆ, ಆ ಡಬ್ಬಿಯಲ್ಲಿ ಅಡಗಿಸಿದ ಪದಕದ ಹಾಗೆ. ನನಗೆ ಅಳು ಬಂತು. ಅದಕ್ಕಿಂತ ಹೆಚ್ಚಾಗಿ, ಅವಳು ಇದ್ದಿದ್ದರೆ ಎಷ್ಟು ಕೋಪ ಮಾಡಿಕೊಳ್ಳುತ್ತಿದ್ದಳು ಎಂಬ ಯೋಚನೆ ಬಂತು.

ಆ ವಾರದ ಎದುರಾಳಿ ಸೆಂಟರ್‌ವಿಲ್‌ನ ಡಾಕ್ಟರ್ ಅಂಕಲ್. ಎಪ್ಪತ್ತು ದಾಟಿದವರು, ನಮ್ಮೆಲ್ಲರಿಗಿಂತ ಮೊದಲು ಈ ದೇಶಕ್ಕೆ ಬಂದವರು. ಅವಳು ಬದುಕಿದ್ದ ಕೊನೆಯ ವಾರ ಅವಳನ್ನು ಸೋಲಿಸಿದ್ದವರು ಅವರೇ. ಅವರಿಗೂ ಫೋನ್ ಮಾಡಿದೆ.

"ಅಂಕಲ್, ಈ ಸಲ ಸರಿಯಾಗಿ ಆಡಿ."

"ಏನಪ್ಪಾ, ಹೋದ ಸಲ ಆ ಮಗು ಹಾಸಿಗೆ ಮೇಲಿದ್ದಾಗ ಗೆದ್ದೆ. ಅದೇ ಇನ್ನೂ ಚುಚ್ತಾ ಇದೆ. ಈ ಸಲ ಸೋತ್ಬಿಡ್ತೀನಿ, ಬಿಡು."

"ಬೇಡಿ ಅಂಕಲ್."

"ನೋಡೋಣ," ಎಂದು ಫೋನಿಟ್ಟರು. ಸೋಲುತ್ತಾರೆಂದು ನನಗೆ ತಿಳಿಯಿತು.

ಪ್ರತಿ ನವೆಂಬರಿನ ಮೊದಲ ಭಾನುವಾರ ಅವಳು ಪಂಚಾಂಗ ಓದುತ್ತಿದ್ದಳು. ಯುಗಾದಿಯದಲ್ಲ, ಕಾಲೇಜು ಬ್ಯಾಸ್ಕೆಟ್‌ಬಾಲಿನದು. ನಮ್ಮ ಈ ಅಟ್ಲಾಂಟಿಕ್ ಕರಾವಳಿಯ ಕಾಲೇಜುಗಳೆಲ್ಲ ಸೇರಿದ ಒಂದು ಕೂಟ ಇದೆ, ಕಾನ್ಫರೆನ್ಸ್ ಎನ್ನುತ್ತಾರೆ. ಚಳಿಗಾಲವೆಲ್ಲ ಅವರವರ ನಡುವೆ ಪಂದ್ಯ. ಈ ವರ್ಷ ಅದಕ್ಕೆ ರಾಜ ಯಾರು, ಮಂತ್ರಿ ಯಾರು, ಸೇನಾಧಿಪತಿ ಯಾರು ಎಂದು ಅವಳು ಕನ್ನಡದಲ್ಲಿ ಬರೆದು ವಿಡಿಯೋ ಕರೆಯಲ್ಲಿ ಓದುತ್ತಿದ್ದಳು. ದೂರದಿಂದ ಬುಟ್ಟಿಗೆ ಚೆಂಡು ಸುರಿಸುವವರು ಮೇಘಾಧಿಪತಿ. ಆ ತಿಂಗಳು ಬೇವು ಸಿಗದೆ, ಎಲ್ಲರೂ ಮೆಂತ್ಯಕ್ಕೆ ಬೆಲ್ಲ ಸೇರಿಸಿ ತಿನ್ನಬೇಕಿತ್ತು. ಕೊನೆಯಲ್ಲಿ ಫ್ಯಾಂಟಸಿಯವರಿಗೆ ನಾಲ್ಕು ಬುದ್ಧಿಮಾತು. ಫುಟ್‌ಬಾಲು ಆಗ ಅರ್ಧ ದಾರಿಯಲ್ಲಿರುತ್ತದಲ್ಲ.

ಈ ವರ್ಷ ಆ ಭಾನುವಾರಕ್ಕೆ ಮೂರೇ ದಿನ ಉಳಿದಿತ್ತು, ಓದು ಇಲ್ಲವೆಂದೇ ಎಲ್ಲರೂ ತಿಳಿದಿದ್ದರು. ಶುಕ್ರವಾರ ಕೆಲಸದಿಂದ ಬಂದು ಅವಳ ನೋಟ್‌ಬುಕ್ ಹುಡುಕಿದೆ. ಜುಲೈನಲ್ಲೇ ಅರ್ಧ ಬರೆದಿಟ್ಟಿದ್ದಳು. ಮಂತ್ರಿ: ತಿಳಿನೀಲಿ ಅಂಗಿಯವರು, ಬುದ್ಧಿ ಇದೆ, ತಾಳ್ಮೆ ಇಲ್ಲ. ಸೇನಾಧಿಪತಿ: ಪಕ್ಕದ ಊರಿನ ಕಡುನೀಲಿಯವರು, ಇವರಿಬ್ಬರ ಜಗಳ ಮುಗಿಯುವುದಿಲ್ಲ. ಮೇಘಾಧಿಪತಿ: ಕ್ಯಾಲಿಫೋರ್ನಿಯಾದಿಂದ ಬಂದವರು, ಅಟ್ಲಾಂಟಿಕ್ ಕಾನ್ಫರೆನ್ಸಿಗೆ ಪೆಸಿಫಿಕ್ ದಡದಿಂದ ಸೊಸೆ ತಂದರೆ ಮಳೆ ಎಲ್ಲಿ ಬೀಳುತ್ತದೋ ಹೇಳಲಾಗದು. ರಾಜ ಎಂದು ಬರೆದು ಮುಂದೆ ಖಾಲಿ ಬಿಟ್ಟಿದ್ದಳು.

ರಾಜನನ್ನು ಅವಳು ಹೇಗೆ ಆರಿಸುತ್ತಿದ್ದಳೆಂದು ನೆನಪಿತ್ತು. ಈಗಿನ ಆಟಗಾರರು ವರ್ಷಕ್ಕೊಂದು ಕಾಲೇಜು ಬದಲಿಸುತ್ತಾರೆ. ಹೆಸರು ನೋಡಬೇಡ, ಎರಡು ಚಳಿಗಾಲ ಒಟ್ಟಿಗೆ ಆಡಿದವರು ಎಷ್ಟು ಜನ ಉಳಿದಿದ್ದಾರೆ ಎಣಿಸು, ಎನ್ನುತ್ತಿದ್ದಳು. ಶನಿವಾರ ಕೂತು ಒಂದೊಂದೇ ತಂಡ ಎಣಿಸಿದೆ. ತಪ್ಪಾಗಿ ಎಣಿಸಿರಬಹುದು, ಆದರೂ ಎಣಿಸಿದೆ.

ಭಾನುವಾರ ಹನ್ನೊಂದಕ್ಕೆ ಎಲ್ಲರನ್ನೂ ಕರೆಗೆ ಸೇರಿಸಿ ಓದಿದೆ. ನನ್ನ ಓದು ನಿಧಾನ. ಅವಳ ಸಾಲುಗಳನ್ನು ಅವಳದೆಂದೇ ಹೇಳಿದೆ. ರಾಜ, ರಾಲಿ ಊರಿನ ಕೆಂಪು ಅಂಗಿಯವರು ಎಂದಾಗ ಡಾಕ್ಟರ್ ಅಂಕಲ್ ಮೆಂತ್ಯ ಬಾಯಲ್ಲಿಟ್ಟುಕೊಂಡೇ ಕೂಗಿದರು.

"ಕೆಂಪು ಅಂಗಿನಾ? ಅಯ್ಯೋ, ತರಕಾರಿ ಕಟ್ಟೋನನ್ನ ಪಂಚಾಂಗಕ್ಕೆ ಕೂರ್ಸಿದ್ರೆ ಟೊಮೇಟೊನೇ ರಾಜ!"

ಎಲ್ಲರೂ ನಕ್ಕರು. ಅವಳು ಹೋದ ಮೇಲೆ ನನ್ನನ್ನು ಯಾರೂ ಹೀಗೆ ಹಂಗಿಸಿರಲಿಲ್ಲ.

ಬುದ್ಧಿಮಾತುಗಳನ್ನು ಅವಳ ಹಳೆಯ ಪುಟಗಳಿಂದ ತೆಗೆದುಕೊಂಡಿದ್ದೆ. ಮೊದಲ ಸುತ್ತಿನಲ್ಲಿ ಆರಿಸಿದವನು ಎರಡು ವಾರ ಕೆಟ್ಟದಾಗಿ ಆಡಿದನೆಂದು ಕೋಪದಲ್ಲಿ ಬಿಡಬೇಡಿ. ಚೆಂಡು ಹಿಡಿದು ಓಡುವವನನ್ನು ಆರಿಸುವಾಗ ಅವನ ಹಿಂದೆ ಕಾಯುತ್ತಿರುವವನನ್ನೂ ನೋಡಿ, ಮಂಡಿ ಯಾರದೂ ಕಬ್ಬಿಣದ್ದಲ್ಲ. ರಜೆಯ ವಾರಗಳನ್ನು ಮೊದಲೇ ಕ್ಯಾಲೆಂಡರಿನಲ್ಲಿ ಗುರುತಿಸಿ. ಆಟ ಮುಗಿದವನನ್ನು ಪ್ರೀತಿಗಾಗಿ ಇಟ್ಟುಕೊಳ್ಳಬೇಡಿ, ಆ ಜಾಗ ಇನ್ನೊಬ್ಬನಿಗೆ ಬೇಕು. ಕೊನೆಯ ಮಾತು ನನ್ನದು. "ಈ ವಾರದಿಂದ ಯಾರೂ ಬೇಕಂತ ಸೋಲಬಾರ್ದು. ಅವ್ಳಿಗೆ ಅದು ಅವಮಾನ. ಅಂಕಲ್, ನಿಮಗೇ ಹೇಳ್ತಿರೋದು."

ಪರದೆಯ ಎಂಟು ಚೌಕಗಳಲ್ಲಿ ಯಾರು ಯಾರನ್ನು ನೋಡುತ್ತಿದ್ದರೋ ಗೊತ್ತಿಲ್ಲ, ಆದರೆ ಆರು ಜನಕ್ಕೂ ಅಲ್ಲೇ ವಿಷಯ ತಿಳಿಯಿತು. ನಾರ್‌ಕ್ರಾಸ್‌ನವನು ಮೆಲ್ಲಗೆ, "ನೀವೂನಾ?" ಎಂದ. ಇನ್ನೊಬ್ಬರು, "ನೀನೂನಾ?" ಎಂದರು. ಡಾಕ್ಟರ್ ಅಂಕಲ್ ಕನ್ನಡಕ ತೆಗೆದು ಒರೆಸಿಕೊಂಡು, "ಒಂದು ಗಂಟೆಗೆ ಗೇಮ್ ಶುರು. ನಾನು ಲೈನಪ್ ಬದಲಾಯಿಸ್ಬೇಕು, ಇಡ್ತೀನಿ," ಎಂದು ಹೊರಟುಹೋದರು.

ಅವಳ ರಜೆಯ ಮೂವರನ್ನು ನಾನೂ ಬದಲಾಯಿಸಿದೆ. ಕಾಲು ಮುರಿದವನನ್ನು ಬೆಂಚಿಗೆ ತಂದೆ, ತಂಡದಿಂದ ಬಿಡಲಿಲ್ಲ. ಆಗಸ್ಟಿನಲ್ಲಿ ಹಾಸಿಗೆಯಲ್ಲಿ ಒರಗಿಕೊಂಡು ಅವಳು ಕೊನೆಯದಾಗಿ ಆರಿಸಿದ್ದು ಅವನನ್ನು. "ಇವನು ಯಾರಿಗೂ ಬೇಡ, ನಂಗಿರ್ಲಿ," ಎಂದಿದ್ದಳು.

ಸೋಮವಾರ ಡಾಕ್ಟರ್ ಅಂಕಲ್ ಫೋನ್ ಮಾಡಿದರು.

"ಏನಪ್ಪಾ, ನಲವತ್ತು ಪಾಯಿಂಟಲ್ಲಿ ಸೋಲ್ಸಿದೀನಿ. ಬೇಜಾರಾಯ್ತಾ?"

"ಇಲ್ಲ ಅಂಕಲ್. ನಿಮ್ಮ ಕಿಕ್ಕರ್ ನೆಟ್ಟಗೆ ಒದ್ದಿದ್ರೆ ಐವತ್ತಾಗ್ತಿತ್ತು."

ಅವರು ನಕ್ಕರು. "ಅವಳಿದ್ದಿದ್ರೆ ಇಷ್ಟೊತ್ತಿಗೆ ಫೋನ್ ಮಾಡಿ ನನ್ನ ಬೈತಿದ್ಲು."

"ಮುಂದಿನ ಸಲ ನಾನು ಬೈತೀನಿ, ಸ್ವಲ್ಪ ಕಲ್ತ್ಕೊಳ್ಳೋವರ್ಗೂ ತಡೀರಿ."

ಫೋನಿಟ್ಟು ಕಾಫಿ ಮುಗಿಸಿದೆ. ಮುಂದಿನ ವಾರಕ್ಕೆ ಓಡುವವನೊಬ್ಬ ಬೇಕಿತ್ತು, ತಂಡದಲ್ಲಿ ಜಾಗ ಇರಲಿಲ್ಲ. ಕಾಲು ಮುರಿದವನ ಹೆಸರಿನ ಮೇಲೆ ಬೆರಳಿಟ್ಟು ಅವನನ್ನು ಬಿಟ್ಟೆ. ಆ ಜಾಗಕ್ಕೆ ಹಿಂದೆ ಕಾಯುತ್ತಿದ್ದ ಒಬ್ಬನನ್ನು ಹಾಕಿ, ಅವಳ ಫೋನನ್ನು ಜೇಬಿಗಿಟ್ಟುಕೊಂಡು ಕೆಲಸಕ್ಕೆ ಹೊರಟೆ.