ಎಡಗೆನ್ನೆಯ ಜಾಯಿಕಾಯಿ

ಕಾಲೇಜಿನ ಚರ್ಚಾಕೂಟದಲ್ಲಿ ನಾನು ಸೋತದ್ದು ಕಡಿಮೆ. ‘ಪುರಾವೆ ಎಲ್ಲಿ?’ ಎಂದು ಕೇಳಿದರೆ ಎದುರಾಳಿಗಳಲ್ಲಿ ಅರ್ಧ ಜನ ಅಲ್ಲೇ ಕೂತುಬಿಡುತ್ತಿದ್ದರು. ಅಂಥ ನಾನು ಕಳೆದ ಕಾಫಿ ಕೊಯ್ಲಿನ ರಜೆಯಲ್ಲಿ ಅಡುಗೆಮನೆಯ ಮೂಲೆ ಹಿಡಿದು, ಹಾಲು ಬಿಟ್ಟುಕೊಂಡು ಸಾಣೆಕಲ್ಲಿನ ಮೇಲೆ ಜಾಯಿಕಾಯಿ ತೇಯುತ್ತಿದ್ದೆ ಎಂದು ಬರೆಯಲು ಕೈ ಹಿಂಜರಿಯುತ್ತದೆ.

ಕಾರಣ, ಬಂಗು. ಕಣದ ಬಿಸಿಲಿನಲ್ಲಿ ಅಪ್ಪಯ್ಯನ ಜೊತೆ ನಿಂತು, ಒಣಹಾಕಿದ ಕಾಫಿ ತಿರುವಿಹಾಕಿ ಎರಡೂ ಕೆನ್ನೆಗಳ ಮೇಲೆ ಕಂದು ಕಲೆ ಕೂತಿತ್ತು. ಅಪ್ಪಯ್ಯನಿಗಂತೂ ಅದು ಎಷ್ಟೋ ವರ್ಷದಿಂದ ಹಣೆಯವರೆಗೂ ಹಬ್ಬಿತ್ತು. ಬರೀ ಅಂದಚೆಂದದ ಮಾತಾಗಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ನಮ್ಮ ಕಡೆ ಆ ಕಲೆ ನೋಡಿದವರು ಮನೆಯ ಸ್ಥಿತಿ ಹೇಳಿಬಿಡುತ್ತಾರೆ: ಇವರ ಕಣಕ್ಕೆ ಆಳಿಲ್ಲ, ಇವರೇ ಇಳಿಯುತ್ತಾರೆ. ಹಾಸ್ಟೆಲಿನಲ್ಲಿ ನಾನು, ಬಣಕಲ್ ಹತ್ತಿರ ನಮ್ಮ ಎಸ್ಟೇಟ್ ಇದೆ ಎಂದಿದ್ದೆ. ಇದ್ದದ್ದು ಮನೆಯ ಹಿಂದಿನ ಗುಡ್ಡದ ಒಂದು ತುಂಡು ತೋಟ. ಈಗ ನನ್ನ ಸಹಪಾಠಿ, ಚಿಕ್ಕಮಗಳೂರು ಕಡೆಯ ದೊಡ್ಡ ಪ್ಲಾಂಟರೊಬ್ಬರ ಮಗ, ರಜೆಯ ಕೊನೆಯಲ್ಲಿ ಕಳಸಕ್ಕೆ ಹೋಗುವಾಗ ನಮ್ಮಲ್ಲಿ ಊಟಕ್ಕೆ ಇಳಿಯುವವನಿದ್ದ.

“ನಿಂಬೆರಸ ಹಚ್ಚಿದ್ರೆ ಬೇಗ ಹೋಗ್ತದಲ್ಲ?” ಎಂದು ಅವ್ವನನ್ನು ಕೇಳಿದೆ.

“ಚರ್ಮ ಸುಟ್ಕೊಳ್ತೀಯ ಮಾರಾಯ. ಜಾಯಿಕಾಯಿ ಮೆಲ್ಲಗೆ ಕೆಲಸ ಮಾಡ್ತದೆ. ತೆಳ್ಳಗೆ ಹಚ್ಚು, ಒಣಗಿದ್ಮೇಲೆ ತೊಳಿ. ಬಿಸಿಲಿಗೆ ಹೋಗ್ಬೇಡ.”

“ಪುರಾವೆ?”

“ನನ್ ಮುಖ ನೋಡು. ನಿನ್ನ ಹೆತ್ತಾಗ ಬಂದಿತ್ತು, ಹಚ್ಚಿದೆ, ಹೋಯ್ತು.”

“ತಾನಾಗೇ ಹೋಗಿರ್ಬಹುದು.”

“ಹಂಗಾದ್ರೆ ಕೊಡು ಆ ಜಾಯಿಕಾಯಿ ಇತ್ತ!”

ಕೊಡಲಿಲ್ಲ. ಎಡಗೆನ್ನೆಗೆ ಮಾತ್ರ ಹಚ್ಚುವುದು, ಬಲಗೆನ್ನೆಯನ್ನು ಹಾಗೇ ಬಿಡುವುದು ಎಂದು ತೀರ್ಮಾನಿಸಿದೆ. ಹೀಗೆ ಮಾಡಿದರೆ ಇದು ಶೋಕಿಯಲ್ಲ, ಪರೀಕ್ಷೆ ಎಂದು ನನಗೆ ನಾನೇ ವಾದಿಸಿ ಗೆದ್ದೆ. ಬಿಸಿಲಿಗೆ ಹೋಗಬಾರದೆಂಬ ಪಥ್ಯವನ್ನು ಮಾತ್ರ ಎರಡೂ ಕೆನ್ನೆಗಳ ಪರವಾಗಿ ಪಾಲಿಸಿದೆ. ಕಣದಲ್ಲಿ ಅಪ್ಪಯ್ಯ ಒಬ್ಬರೇ ಆದರು.

ರಜೆ ಮುಗಿಯುತ್ತ ಬಂದಂತೆ ಎಡಗಡೆಯ ಕಲೆ ನಿಜಕ್ಕೂ ತೆಳುವಾಗಿತ್ತು. ಗೆಳೆಯ ಬರುವ ಹಿಂದಿನ ದಿನ ಜಗಲಿಯಲ್ಲಿ ಅಪ್ಪಯ್ಯ ನನ್ನ ಗದ್ದ ಹಿಡಿದು ಆಚೀಚೆ ತಿರುಗಿಸಿದರು.

“ಏನೋ ಇದು, ಒಂದ್ ಕಡೆ ಹುಣ್ಣಿಮೆ, ಒಂದ್ ಕಡೆ ಅಮಾಸೆ?”

ಜೋರಾಗಿ ನಕ್ಕರು. ಒಳಗಿನಿಂದ ಅವ್ವ, “ನಾಳೆ ದೊಡ್ಡ ಮನೆ ಹುಡುಗ ಬರ್ತಾನಲ್ಲ, ಕಣದ ಬಂಗು ಕಾಣ್ಬಾರ್ದಂತೆ” ಎಂದಳು.

ಅಪ್ಪಯ್ಯನ ನಗು ನಿಂತಿತು. ಕೈ ತಮ್ಮ ಹಣೆಗೆ ಹೋಯಿತು.

“ನಂಗೂ ಒಂಚೂರು ಹಚ್ಚು ನೋಡುವ. ನಾಳೆಗೆ ಹೋಗ್ತದಾ?”

“ಒಂದ್ ದಿನಕ್ಕೆ ಏನೂ ಆಗಲ್ಲ ಅಪ್ಪಯ್ಯ. ಮೆಲ್ಲಗೆ ಆಗೋದು ಅದು” ಎಂದೆ. ಸಭಿಕರ ಪ್ರಶ್ನೆಗೆ ಉತ್ತರಿಸುವ ಹಾಗೆ, ಕೇಳಿದ್ದಕ್ಕಷ್ಟೇ.

“ಹೌದಾ. ಹಂಗಾದ್ರೆ ನಾಳೆ ನಾನು ತೋಟದ ಮೇಲ್ಗಡೆನೇ ಇರ್ತೀನಿ ಬಿಡು. ಕೆಲಸವೂ ಉಂಟು.”

ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನನ್ನಲ್ಲಿ ಉತ್ತರವಿತ್ತು. ‘ಬೇಡ, ಮನೇಲೇ ಇರಿ’ ಎನ್ನಲು ಎಷ್ಟು ಹೊತ್ತು ಬೇಕು? ಅಪ್ಪಯ್ಯ ಅಷ್ಟು ಹೊತ್ತು ಕಾದರು. ಆಮೇಲೆ ಕತ್ತಿ ತೆಗೆದುಕೊಂಡು ಎದ್ದುಹೋದರು.

ಯುದ್ಧದ ದೆಸೆಯಿಂದ ಪೆಟ್ರೋಲ್ ಸಿಗದೆ ಬಸ್ಸುಗಳೆಲ್ಲ ಇದ್ದಿಲು ಉರಿಸಿ ಓಡುತ್ತಿದ್ದವು; ಮರುದಿನ ಗೆಳೆಯ ಅಂಥದೊಂದರಿಂದ ಮಸಿ ಮೆತ್ತಿಕೊಂಡೇ ಇಳಿದ. ನನ್ನ ಮುಖದ ಕಡೆ ಅವನು ನೋಡಿದ್ದೇ ಕಾಣೆ. ಬಿಸಿ ಕಡುಬು ತಿನ್ನುತ್ತಾ, “ನಿಮ್ಮಪ್ಪಯ್ಯ ಎಲ್ಲಿ ಮಾರಾಯ? ಅವ್ರನ್ನ ನೋಡ್ಬೇಕು ಅಂತಲೇ ಇಳಿದೆ” ಎಂದ.

“ತೋಟದಲ್ಲಿದ್ದಾರೆ.”

“ಆಳುಗಳ ಕೆಲಸ ನೋಡ್ಕೊಳ್ತಿದ್ದಾರಾ?”

“ಹೂಂ” ಎಂದೆ.

ಕಡುಬು ಬಡಿಸಲು ಬಗ್ಗಿದ್ದ ಅವ್ವನ ಕೈ ನನ್ನ ಎಲೆಯ ಮೇಲೆ ತಡೆಯಿತು. ಆ ಕಡುಬನ್ನು ಅವನ ಎಲೆಗೆ ಹಾಕಿ, ನನ್ನ ಕಡೆ ನೋಡದೆ ಒಳಗೆ ಹೋದಳು.